ಪೀಠವಿಲ್ಲದ ಬಳಗ, ಹಾಳೆಯ ಮೇಲಿನ ಪ್ರಾರ್ಥನೆ

ಅಮೆರಿಕದ ಬಾಸ್ಟನ್ ನಗರದ ಮಗ್ಗುಲಲ್ಲೇ ಇರುವ ಸೋಮರ್‌ವಿಲ್ ಊರಿನ ಕಾಲೇಜ್ ಅವೆನ್ಯೂದಲ್ಲಿ ‘ಹವುರತ್ ಶಾಲೋಮ್’ ಎಂಬ ಯೆಹೂದಿ ಬಳಗದ ಮನೆಯಿದೆ. 1968ರಲ್ಲಿ ಬಳಗ ಹುಟ್ಟಿದ್ದು ಪಕ್ಕದ ಕೇಂಬ್ರಿಜ್‌ನಲ್ಲಿ. ಇಲ್ಲಿಗೆ ಬಂದದ್ದು ಆಮೇಲೆ. ಸಿನಗಾಗ್ ಎಂದರೆ ಕಣ್ಣಿಗೆ ಕಟ್ಟುವ ದೊಡ್ಡ ಸಭಾಂಗಣ, ಎತ್ತರದ ವೇದಿಕೆ, ಅದರ ಮೇಲೆ ನಿಂತು ಪ್ರವಚನ ಕೊಡುವ ಧರ್ಮಗುರು ರಬ್ಬಿ, ಇವಾವುವೂ ಈ ಬಳಗಕ್ಕೆ ಬೇಕಾಗಲಿಲ್ಲ. ನೆಲದ ಮೇಲೆ ದಿಂಬು ಹಾಕಿಕೊಂಡು ಸುತ್ತಲೂ ಕೂತರು. ಪ್ರಾರ್ಥನೆ ನಡೆಸುವ ಸರದಿ ಇವತ್ತು ಒಬ್ಬರದು, ಮುಂದಿನ ವಾರ ಇನ್ನೊಬ್ಬರದು. ಸಂಬಳದ ರಬ್ಬಿಯನ್ನು ಇಟ್ಟುಕೊಳ್ಳದೆಯೇ ಐವತ್ತು ವರ್ಷ ದಾಟಿದ ಬಳಗವಿದು. ಇದರ ಸುತ್ತಮುತ್ತ ಬೆಳೆದ ಒಂದು ಪರಂಪರೆಯ ಕಥೆಯನ್ನು ಲೇಖಕರ ಬಳಗವೊಂದರ ಸ್ಮರಣ ಸಂಚಿಕೆಗೆ ಬರೆದುಕೊಡುವುದು ನನಗೆ ನಿಜಕ್ಕೂ ಸಂತೋಷದ ಕೆಲಸ.

ಸಮಾನರಾಗಿ ಕೂತು ಓದುತ್ತಿದ್ದ ಜನ ಸಮಾನರಾಗಿ ಕೂತು ಬರೆಯತೊಡಗಿದರು. ಆ ಬರವಣಿಗೆಯನ್ನು ಸಾಹಿತ್ಯದ ತಾಲೀಮು ಎಂದುಕೊಳ್ಳದೆ ಉಪಾಸನೆಯೆಂದೇ ತಿಳಿದರು. ಮೇಲೆ ಹೇಳಿದ ಪರಂಪರೆ ಇದೇ. ಶತಮಾನಗಳಿಂದ ಅಚ್ಚಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದ್ದ ಯೆಹೂದಿ ಪ್ರಾರ್ಥನಾ ಪುಸ್ತಕ ಇಪ್ಪತ್ತನೆಯ ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ಮತ್ತೆ ತೆರೆದುಕೊಂಡಿತಲ್ಲ, ಅದಕ್ಕೆ ವಿದ್ಯಾಪೀಠಗಳ ಅಪ್ಪಣೆಗಿಂತ ಹತ್ತು ಹದಿನೈದು ಜನರ ಇಂಥ ಕೂಟಗಳೇ ಕಾರಣ ಎಂದು ನಾನು ನಂಬುತ್ತೇನೆ. ಬರೆದದ್ದನ್ನು ತಿದ್ದುವ ಗುರು ಅಲ್ಲಿರಲಿಲ್ಲ, ಕೇಳುವ ಸಮಾನರಿದ್ದರು. ಅಷ್ಟರಿಂದಲೇ ಆ ಬರಹ ಪ್ರಾರ್ಥನೆಯಾಗಲು ಸಾಧ್ಯವಾಯಿತು.

ಇದು ಬೇರಿಲ್ಲದೆ ಚಿಗುರಿದ್ದಲ್ಲ. ಯೆಹೂದಿ ಧರ್ಮದಲ್ಲಿ ಸಾರ್ವಜನಿಕ ಪ್ರಾರ್ಥನೆಗೆ ರಬ್ಬಿ ಇರಲೇಬೇಕೆಂಬ ಕಟ್ಟಳೆಯಿಲ್ಲ. ಸಂಪ್ರದಾಯದಂತೆ ಹತ್ತು ಜನ ವಯಸ್ಕ ಗಂಡಸರು ಸೇರಿದರೆ ‘ಮಿನ್ಯಾನ್’ ಆಯಿತು. ಆ ಹತ್ತು ಜನ ಚಮ್ಮಾರರೋ ಬಟ್ಟೆ ವ್ಯಾಪಾರಿಗಳೋ ಆಗಿದ್ದರೂ ಸರಿಯೇ. ಸತ್ತವರಿಗಾಗಿ ಹೇಳುವ ‘ಕದ್ದೀಶ್’ ಪ್ರಾರ್ಥನೆಗೆ ಆ ಹತ್ತು ಜನ ಬೇಕೇ ಬೇಕು; ಮಹಾ ಪಂಡಿತನಾದರೂ ಒಬ್ಬನೇ ಅದನ್ನು ಹೇಳುವಂತಿಲ್ಲ. ಪ್ರಾಚೀನ ರಬ್ಬಿಗಳ ಚರ್ಚೆಗಳ ಮಹಾಗ್ರಂಥ ತಾಲ್ಮುಡ್ ಓದುವ ಕ್ರಮವೂ ಹಾಗೆಯೇ. ‘ಹವ್ರುತಾ’ ಎಂದು ಇಬ್ಬಿಬ್ಬರು ಜೋಡಿಯಾಗಿ ಎದುರುಬದುರು ಕೂತು, ದನಿಯೆತ್ತಿ ಓದಿ, ವಾದಿಸಿ, ಒಬ್ಬರ ಅರ್ಥವನ್ನು ಇನ್ನೊಬ್ಬರು ಒಡೆದು ನೋಡುತ್ತ ಕಲಿಯುತ್ತಾರೆ. ಎಂದಮೇಲೆ ಸಮಾನರ ಕೂಟ ಎಂಬುದು ಅಲ್ಲಿ ಹೊಸತೇನಲ್ಲ. ಹೊಸತಾಗಿ ಬಂದದ್ದು ಬರವಣಿಗೆ.

ಬರವಣಿಗೆಯ ವಿಷಯದಲ್ಲಿ ಈ ಧರ್ಮಕ್ಕೆ ಹಳೆಯ ಅಳುಕೊಂದಿದೆ. ‘ಗ್ರಂಥದ ಜನ’ ಎಂದೇ ಹೆಸರಾದವರಲ್ಲಿ ಇಂಥ ಅಳುಕೆ ಎಂದು ಅಚ್ಚರಿಯಾಗಬಹುದು. ದೇವರನ್ನು ಕೊಂಡಾಡುವ ವಚನಗಳನ್ನು ಬರೆದಿಡುವುದು ಮೂಲ ಧರ್ಮಗ್ರಂಥವಾದ ತೋರಾವನ್ನು ಸುಟ್ಟಂತೆ ಎಂಬ ಕಠಿಣ ಅಭಿಪ್ರಾಯ ತಾಲ್ಮುಡ್‌ನಲ್ಲೇ ದಾಖಲಾಗಿದೆ. ಅದರ ಹಿಂದಿನ ತರ್ಕ ಹೀಗೆ: ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನಂದು ಮನೆಗೆ ಬೆಂಕಿ ಬಿದ್ದರೆ ಧರ್ಮಗ್ರಂಥದ ಸುರುಳಿಗಳನ್ನು ಹೊರಗೆ ಸಾಗಿಸಲು ಅನುಮತಿಯಿದೆ, ಬರೆದಿಟ್ಟ ಪ್ರಾರ್ಥನೆಗಳನ್ನು ಸಾಗಿಸಲು ಇಲ್ಲ. ಅವುಗಳಲ್ಲೂ ದೇವರ ಹೆಸರಿದೆ, ತೋರಾದ ಸಾಲುಗಳಿವೆ. ಆದರೂ ಅವು ಉರಿದುಹೋಗುತ್ತವೆ, ಬರೆದವನೇ ಅದಕ್ಕೆ ಹೊಣೆ. ಪ್ರಾರ್ಥನೆ ಬಾಯಲ್ಲಿರಬೇಕು, ಹಾಳೆಯಲ್ಲಲ್ಲ ಎಂಬುದು ಆ ಕಾಲದ ನಿಲುವು. ಒಂಬತ್ತನೆಯ ಶತಮಾನದಲ್ಲಿ ಸ್ಪೇನಿನ ಯೆಹೂದಿಗಳು ಪ್ರಾರ್ಥನೆಯ ಸರಿಯಾದ ಕ್ರಮ ಯಾವುದೆಂದು ಕೇಳಿ ಬರೆದಾಗ, ಬಾಬಿಲೋನಿಯಾದ ಸೂರಾ ವಿದ್ಯಾಪೀಠದ ಮುಖ್ಯಸ್ಥ ಅಮ್ರಾಮ್ ಗಾವೋನ್ ಅದನ್ನೆಲ್ಲ ಬರೆದು ಕಳಿಸಿದರು. ಪ್ರಾರ್ಥನಾ ಪುಸ್ತಕದ ಚರಿತ್ರೆ ಅಲ್ಲಿಂದ ಶುರು. ಅಚ್ಚು ಯಂತ್ರ ಬಂದ ಮೇಲೆ ಪ್ರಾರ್ಥನೆಯ ಮಾತುಗಳು ನಿಂತಲ್ಲಿ ನಿಂತವು. ಹೊಸದಾಗಿ ಬರೆಯುವುದು ಹೆಚ್ಚುಕಡಿಮೆ ನಿಂತೇಹೋಯಿತು.

ಹೆಂಗಸರ ಪಾಲಿಗೆ ಮಾತ್ರ ಒಂದು ಕಿಂಡಿ ಉಳಿದಿತ್ತು. ಹೀಬ್ರೂ ಕಲಿಸದ ಕಾರಣ ಪೂರ್ವ ಯೂರೋಪಿನ ಯೆಹೂದಿ ಹೆಂಗಸರು ‘ತ್ಖಿನೆ’ ಎಂಬ ಬೇಡಿಕೆಯ ಪ್ರಾರ್ಥನೆಗಳನ್ನು ತಮ್ಮ ಮನೆಮಾತು ಯಿಡ್ಡಿಷ್‌ನಲ್ಲಿ ಓದುತ್ತಿದ್ದರು. ದೀಪ ಹಚ್ಚುವಾಗ, ರೊಟ್ಟಿಯ ಹಿಟ್ಟು ನಾದುವಾಗ, ಬಸಿರಿನಲ್ಲಿ, ಸ್ಮಶಾನದಲ್ಲಿ ಹೇಳಿಕೊಳ್ಳುವ ಪ್ರಾರ್ಥನೆಗಳು ಇವು. ಹಲವನ್ನು ಬರೆದವರು ಗಂಡಸರೇ. ಆದರೆ ಹದಿನೆಂಟನೆಯ ಶತಮಾನಕ್ಕೆ ಬಂದರೆ ಸಾರಾ ಬಸ್ ತೋವಿಮ್, ಲೇಯಾ ಹೊರೊವಿಟ್ಸ್ ಅಂಥ ಲೇಖಕಿಯರೂ ಇದ್ದಾರೆ. ಇಷ್ಟಾದರೂ ಅವು ಒಬ್ಬೊಬ್ಬರೇ ಬರೆದು ಒಬ್ಬೊಬ್ಬರೇ ಓದಿಕೊಂಡವು.

ಇನ್ನೊಂದು ಬೇರು ‘ಮುಸ್ಸಾರ್’, ಅಂದರೆ ಸ್ವಭಾವವನ್ನು ತಿದ್ದಿಕೊಳ್ಳುವ ಶಿಸ್ತು. ಮೆನಾಹೆಮ್ ಮೆಂಡಲ್ ಲೆಫಿನ್ 1808ರಲ್ಲಿ ‘ಹೆಶ್ಬೊನ್ ಹ-ನೆಫೆಶ್’ ಎಂಬ ಪುಸ್ತಕ ಅಚ್ಚು ಮಾಡಿಸಿದ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಹೇಳಿದ ವಿಧಾನವನ್ನೇ ಹೀಬ್ರೂ ಓದುಗರಿಗೆ ಒಗ್ಗಿಸಿದ ಪುಸ್ತಕ ಅದು. ಹದಿಮೂರು ಗುಣಗಳು, ಗುಣಕ್ಕೊಂದು ವಾರ, ದಿನಕ್ಕೊಂದು ಗುರುತು. ಹೀಗೆ ವರ್ಷಕ್ಕೆ ನಾಲ್ಕು ಸುತ್ತು. ಲಿಥುವೇನಿಯಾದ ರಬ್ಬಿ ಇಸ್ರೇಲ್ ಸಲಾಂತರ್ ಅದನ್ನು ಮತ್ತೆ ಪ್ರಚಾರಕ್ಕೆ ತಂದರು. ಇವತ್ತು ಅಮೆರಿಕ, ಕೆನಡಾಗಳಲ್ಲಿ ಮುಸ್ಸಾರ್ ಕೂಟಗಳ ಸದಸ್ಯರು ದಿನದ ಕೊನೆಗೆ ನಾಲ್ಕು ಸಾಲು ಬರೆದಿಟ್ಟು, ಕೂಟ ಸೇರಿದಾಗ ಅದರ ಮೇಲೆ ಮಾತಾಡುತ್ತಾರಲ್ಲ, ಆ ರೂಢಿಯ ಮೂಲ ಇಲ್ಲಿದೆ. ಈ ಕೂಟಗಳನ್ನು ಮತ್ತೆ ಹುರಿದುಂಬಿಸಿದವರಲ್ಲಿ ಪ್ರಮುಖರಾದ ಕೆನಡಾದ ಅಲನ್ ಮೊರಿನಿಸ್ ಮೂಲತಃ ಮಾನವಶಾಸ್ತ್ರಜ್ಞರು. ಬಂಗಾಳದ ಹಿಂದೂ ತೀರ್ಥಯಾತ್ರೆಗಳ ಮೇಲೆ ಅವರು ಬರೆದ ಅಧ್ಯಯನ 1984ರಲ್ಲಿ ಪ್ರಕಟವಾಯಿತು. ಪರರ ಯಾತ್ರೆಯನ್ನು ಅಷ್ಟು ಹತ್ತಿರದಿಂದ ನೋಡಿದ ವಿದ್ವಾಂಸ ನಡುವಯಸ್ಸಿನಲ್ಲಿ ತನ್ನ ಪೂರ್ವಜರ ಶಿಸ್ತಿಗೆ ಮರಳಿದ್ದು ನನಗೆ ತುಂಬ ಅರ್ಥಪೂರ್ಣವಾಗಿ ಕಾಣುತ್ತದೆ.

ಈಗ 1968ಕ್ಕೆ ಬರೋಣ. ಹವುರತ್ ಶಾಲೋಮ್ ಕಟ್ಟಿದ ಆರ್ಥರ್ ಗ್ರೀನ್‌ಗೆ ಆಗ ಇಪ್ಪತ್ತೇಳು ವರ್ಷ. ಆಗಷ್ಟೇ ರಬ್ಬಿ ದೀಕ್ಷೆ ಪಡೆದಿದ್ದರು. ಹಸೀದಿ ಪರಂಪರೆಯಿಂದ ಬಂದ ಜಲ್ಮನ್ ಶಾಕ್ಟರ್, ಮುಂದೆ ಬೈಬಲ್ ವಿದ್ವಾಂಸರಾಗಿ ಹೆಸರಾದ ಮೈಕೇಲ್ ಫಿಶ್‌ಬೇನ್, ಬ್ಯಾರಿ ಹೋಲ್ಟ್ಸ್ ಮೊದಲಾದವರು ಜತೆಗಿದ್ದರು. ವಿಯೆಟ್ನಾಂ ಯುದ್ಧದ ಕಾಲ; ಧರ್ಮಶಿಕ್ಷಣ ಸಂಸ್ಥೆಯಲ್ಲಿ ಓದುವವರಿಗೆ ಸೇನೆಯ ಕಡ್ಡಾಯ ಭರ್ತಿಯಿಂದ ವಿನಾಯಿತಿ ಇತ್ತು, ಬಳಗವೂ ಮೊದಲಿಗೆ ರಬ್ಬಿಗಳ ತರಬೇತಿ ಶಾಲೆ ಎಂಬ ರೂಪದಲ್ಲೇ ಆರಂಭವಾಯಿತು. ಆದರೆ ಅವರನ್ನು ಕಾಡುತ್ತಿದ್ದದ್ದು ಬೇರೆ. ಎರಡನೆಯ ಮಹಾಯುದ್ಧದ ನಂತರ ಉಪನಗರಗಳಲ್ಲಿ ಎದ್ದ ಭಾರೀ ಸಿನಗಾಗ್‌ಗಳಲ್ಲಿ ಜನ ಪ್ರೇಕ್ಷಕರಾಗಿಬಿಟ್ಟಿದ್ದರು. ರಬ್ಬಿ ಹೇಳಿದಾಗ ಏಳುವುದು, ಹೇಳಿದಾಗ ಕೂರುವುದು, ಪುಟ ಸಂಖ್ಯೆ ಕೂಗಿದಾಗ ಹಾಳೆ ಮಗುಚುವುದು. ಈ ಹುಡುಗರಿಗೆ ಅದು ಸಾಕಾಗಿತ್ತು.

ಸ್ವಲ್ಪ ಕಾಲದಲ್ಲೇ ನ್ಯೂಯಾರ್ಕ್‌ನಲ್ಲಿ, ವಾಷಿಂಗ್ಟನ್‌ನಲ್ಲಿ ಇಂಥವೇ ಬಳಗಗಳು ಹುಟ್ಟಿದವು. ಕ್ಯಾಲಿಫೋರ್ನಿಯಾದ ಎನ್ಸೀನೋದಲ್ಲಿ ರಬ್ಬಿ ಹೆರಾಲ್ಡ್ ಶುಲ್ವೈಸ್ ತಮ್ಮ ದೊಡ್ಡ ಸಿನಗಾಗ್‌ನ ಒಳಗೇ ಕುಟುಂಬಗಳ ಪುಟ್ಟ ಪುಟ್ಟ ಬಳಗಗಳನ್ನು ಮಾಡಿಸಿದರು. ಈ ಚಳವಳಿಯ ಮೊದಲ ದೊಡ್ಡ ಸಾಮೂಹಿಕ ಬರಹ 1973ರ ‘ದ ಜ್ಯೂಯಿಶ್ ಕ್ಯಾಟಲಾಗ್’. ಬ್ರ್ಯಾಂಡೈಸ್ ವಿಶ್ವವಿದ್ಯಾಲಯದ ಒಂದು ಸ್ನಾತಕೋತ್ತರ ಪ್ರಬಂಧದಿಂದ ಮೊಳೆತ ಈ ಪುಸ್ತಕವನ್ನು ರಿಚರ್ಡ್ ಸೀಗಲ್, ಮೈಕೇಲ್ ಸ್ಟ್ರಾಸ್‌ಫೆಲ್ಡ್, ಶೇರನ್ ಸ್ಟ್ರಾಸ್‌ಫೆಲ್ಡ್ ಸೇರಿ ಸಂಪಾದಿಸಿದರು. ಶಬ್ಬಾತ್‌ಗೆ ರೊಟ್ಟಿ ಹೆಣೆಯುವುದು, ಮೇಣದ ಬತ್ತಿ ಮಾಡುವುದು, ಪ್ರಾರ್ಥನೆಯ ಶಾಲಿನ ತುದಿಗೆ ದಾರದ ಗಂಟು ಹಾಕುವುದು, ಎಲ್ಲವನ್ನೂ ಬಲ್ಲ ಗೆಳೆಯರು ಅರಿಯದ ಗೆಳೆಯರಿಗೆ ಹೇಳಿಕೊಟ್ಟ ಧಾಟಿಯಲ್ಲಿ ಬರೆದಿದ್ದರು. ಲಕ್ಷಗಟ್ಟಲೆ ಪ್ರತಿಗಳು ಮಾರಿಹೋದವು. 1976ರಲ್ಲಿ ಎರಡನೆಯ ಸಂಪುಟ, 1980ರಲ್ಲಿ ಮೂರನೆಯದು ಬಂದವು. ಧರ್ಮದ ಪುಸ್ತಕವನ್ನು ಪಂಡಿತ ಬರೆಯುತ್ತಾನೆ, ಉಳಿದವರು ಓದುತ್ತಾರೆ ಎಂಬ ಅಭ್ಯಾಸ ಅಲ್ಲಿಗೆ ಮುರಿಯಿತು.

ಅದೇ 1973ರಲ್ಲಿ ಇದಕ್ಕೆ ಸಂಬಂಧವೇ ಇಲ್ಲದಂತೆ ಇನ್ನೊಂದು ಪುಸ್ತಕ ಹೊರಬಿತ್ತು. ಪೀಟರ್ ಎಲ್ಬೋ ಎಂಬ ಅಧ್ಯಾಪಕರ ‘ರೈಟಿಂಗ್ ವಿದೌಟ್ ಟೀಚರ್ಸ್’. ಏಳರಿಂದ ಹನ್ನೆರಡು ಜನ ವಾರವಾರವೂ ಸೇರಿ, ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಕೇಳಿದವರು ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನದೆ, ಕೇಳುತ್ತಿದ್ದಾಗ ತಮ್ಮೊಳಗೆ ಏನೇನಾಯಿತು ಎಂದು ಹೇಳಬೇಕು. ಬರೆದವರು ಸಮರ್ಥನೆಗೆ ಇಳಿಯದೆ ಸುಮ್ಮನೆ ಕೇಳಿಸಿಕೊಳ್ಳಬೇಕು. 1981ರಲ್ಲಿ ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್‌ನಲ್ಲಿ ಪ್ಯಾಟ್ ಶ್ನೈಡರ್ ಶುರುಮಾಡಿದ ಬರವಣಿಗೆ ಕೂಟಗಳು ಇದೇ ದಾರಿಯಲ್ಲಿ ಮುಂದೆ ಹೋದವು. ಇವರಿಬ್ಬರೂ ಯೆಹೂದಿ ಸಾಧನೆಯ ಬಗ್ಗೆ ಬರೆದವರಲ್ಲ. ಆದರೆ ಹವ್ರುತಾ ಬಲ್ಲವರಿಗೆ ಈ ವಿಧಾನ ಅಪರಿಚಿತವೆನಿಸಲು ಸಾಧ್ಯವಿರಲಿಲ್ಲ. ಗಟ್ಟಿಯಾಗಿ ಓದುವುದು, ಎದುರಿನವರ ಮಾತಿಗೆ ಕಿವಿಗೊಡುವುದು, ಗುರುವಿಲ್ಲದೆ ಗ್ರಂಥದ ಮುಂದೆ ಕೂರುವುದು ಅವರಿಗೆ ಮನೆಯ ರೂಢಿ. ಬದಲಾದದ್ದು ಇಷ್ಟೇ, ಮುಂದಿದ್ದ ಗ್ರಂಥ ಈಗ ಗೆಳತಿಯ ಕೈಬರಹದ ಹಾಳೆ.

ಗೆಳತಿ ಎಂದು ಬೇಕೆಂದೇ ಬರೆದೆ. ಈ ಕಥೆಯ ಹೃದಯ ಹೆಂಗಸರ ಕೂಟಗಳಲ್ಲಿದೆ. ಸಮಾನತೆಯ ಮಾತಾಡಿದ ಮೊದಲ ಬಳಗಗಳಲ್ಲೂ ಆರಂಭದಲ್ಲಿ ಮುಂದಿದ್ದವರು ಬಹುತೇಕ ಗಂಡಸರೇ. ಹೆಂಗಸರು ಹೆಂಡತಿಯರಾಗಿ, ಗೆಳತಿಯರಾಗಿ ಅಂಚಿನಲ್ಲಿದ್ದರು. ನ್ಯೂಯಾರ್ಕ್ ಬಳಗದ ನಂಟಿದ್ದ ಕೆಲವು ಯುವತಿಯರು 1971ರ ಹೊತ್ತಿಗೆ ‘ಎಜ್ರತ್ ನಾಶಿಮ್’ ಎಂಬ ಅಧ್ಯಯನ ಕೂಟ ಕಟ್ಟಿಕೊಂಡರು. ಧರ್ಮಶಾಸ್ತ್ರದಲ್ಲಿ ಹೆಂಗಸಿನ ಸ್ಥಾನವೇನೆಂದು ಮೊದಲು ಮೂಲಗ್ರಂಥ ಓದಿದರು, ಆಮೇಲೆ ಬರೆದರು. 1972ರ ಮಾರ್ಚ್‌ನಲ್ಲಿ ಕನ್ಸರ್ವೇಟಿವ್ ಪಂಥದ ರಬ್ಬಿಗಳ ಸಮಾವೇಶಕ್ಕೆ ಕರೆಯಿಲ್ಲದೆಯೇ ಹೋಗಿ ತಮ್ಮ ಬೇಡಿಕೆಯ ಹಾಳೆಗಳನ್ನು ಕೈಗಿಟ್ಟರು. ಮಿನ್ಯಾನ್‌ನ ಹತ್ತರಲ್ಲಿ ನಮ್ಮನ್ನೂ ಎಣಿಸಿ, ಸಾಕ್ಷಿಗಳಾಗಿ ಒಪ್ಪಿ, ವಿಚ್ಛೇದನ ಕೇಳುವ ಹಕ್ಕು ಕೊಡಿ, ರಬ್ಬಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಕೇಳಿದರು. ಮರುವರ್ಷವೇ ಆ ಪಂಥದ ಧರ್ಮಶಾಸ್ತ್ರ ಸಮಿತಿ ಮಿನ್ಯಾನ್‌ನಲ್ಲಿ ಹೆಂಗಸರನ್ನು ಎಣಿಸಲು ಒಪ್ಪಿತು. 1985ರಲ್ಲಿ ಅದರ ಮೊದಲ ಮಹಿಳಾ ರಬ್ಬಿಯಾಗಿ ಏಮಿ ಐಲ್‌ಬರ್ಗ್ ದೀಕ್ಷೆ ಪಡೆದರು.

ಬೇಡಿಕೆ ಪತ್ರದ ಕಥೆ ಹೆಚ್ಚು ಜನಕ್ಕೆ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಕೂಟ 1970ರ ದಶಕದ ಕೊನೆಯ ವೇಳೆಗೆ ಹೊರತಂದ ಒಂದು ಕಿರುಪುಸ್ತಕ. ಗಂಡುಮಗು ಹುಟ್ಟಿದರೆ ಎಂಟನೆಯ ದಿನ ಸುನ್ನತಿ, ಅದಕ್ಕೆ ಪ್ರಾರ್ಥನೆ, ಊಟ, ಹಾಡು ಎಲ್ಲ ಇತ್ತು. ಹೆಣ್ಣುಮಗು ಹುಟ್ಟಿದರೆ ತಂದೆ ಸಿನಗಾಗ್‌ಗೆ ಹೋಗಿ ಹೆಸರು ಹೇಳಿ ಬರುತ್ತಿದ್ದ, ಅಷ್ಟೇ. ಬಾಣಂತಿ ಮನೆಯಲ್ಲೇ ಇರುತ್ತಿದ್ದಳು. ಮಗಳನ್ನು ಹೆತ್ತ ತಾಯಂದಿರು ತಾವೇ ಆಚರಣೆಗಳನ್ನು ಬರೆದುಕೊಳ್ಳತೊಡಗಿದರು. ನಕಲುಗಳು ಕೈಯಿಂದ ಕೈಗೆ ದಾಟಿದವು, ಒಬ್ಬಳ ಸಾಲು ಇನ್ನೊಬ್ಬಳ ಆಚರಣೆಗೆ ಸೇರಿತು. ಅಂಥ ನಾಮಕರಣದ ಪಾಠಗಳನ್ನು ಒಟ್ಟುಮಾಡಿದ ಪುಸ್ತಕವದು. ಹಳೆಯ ತ್ಖಿನೆಗಳನ್ನು ಒಬ್ಬೊಬ್ಬರೇ ಬರೆದಿದ್ದರೆ, ಇವನ್ನು ಹೆಂಗಸರು ಪರಸ್ಪರ ಓದಿ ಬರೆದರು.

1972ರ ಬೇಸಿಗೆಯಲ್ಲಿ ಓಹಾಯೋದ ಗ್ರೇಲ್‌ವಿಲ್‌ನಲ್ಲಿ, ಕ್ಯಾಥೊಲಿಕ್ ಹೆಂಗಸರ ಸಂಸ್ಥೆಯೊಂದರ ಜಾಗದಲ್ಲಿ, ದೇವತಾಶಾಸ್ತ್ರ ಓದಿದ ಹೆಂಗಸರ ಒಂದು ಸಮಾವೇಶ ನಡೆಯಿತು. ಅಲ್ಲಿ ಪುಟ್ಟ ಗುಂಪೊಂದರಲ್ಲಿ ಕೂತು ಚರ್ಚಿಸಿದ್ದನ್ನು ಜೂಡಿತ್ ಪ್ಲಾಸ್ಕೊ ಒಂದು ಕಥೆಯಾಗಿ ಬರೆದರು. ಮಧ್ಯಯುಗದ ದಂತಕಥೆಯಲ್ಲಿ ಆದಾಮನ ಮೊದಲ ಹೆಂಡತಿಯಾಗಿ, ಅವನನ್ನು ತೊರೆದು ರಾಕ್ಷಸಿ ಎನಿಸಿಕೊಂಡ ಲಿಲಿತ್ ಈ ಕಥೆಯಲ್ಲಿ ಈವಳನ್ನು ಭೇಟಿಯಾಗುತ್ತಾಳೆ, ಇಬ್ಬರೂ ಮಾತಾಡುತ್ತಾರೆ, ಗೆಳತಿಯರಾಗುತ್ತಾರೆ. ಬೈಬಲ್‌ನ ಮೌನಗಳಿಗೆ ಕಥೆ ಕಟ್ಟಿ ಅರ್ಥ ತುಂಬುವ ‘ಮಿದ್ರಾಶ್’ ಪ್ರಕಾರ ಪ್ರಾಚೀನ ರಬ್ಬಿಗಳದು. ಆದರೆ ಒಂದು ಗುಂಪಿನ ಮಾತುಕತೆಯನ್ನು ಆ ಗುಂಪಿನ ಪರವಾಗಿ ಮಿದ್ರಾಶ್ ಮಾಡಿ ಬರೆದದ್ದು ಈ ಕಾಲದ ಕೊಡುಗೆ. ಆಮೇಲಿನ ಬರವಣಿಗೆ ಕೂಟಗಳು ಈ ಮಾದರಿಯನ್ನು ಎಷ್ಟು ಬಳಸಿಕೊಂಡಿವೆಯೆಂದರೆ, ಹೆಸರಿಲ್ಲದ ನೋಹನ ಹೆಂಡತಿ, ಬಾಯಿಬಿಡದ ದೀನಾ, ಮರುಭೂಮಿಯಲ್ಲಿ ತೀರಿಕೊಂಡ ಮಿರಿಯಮ್ ಇವರೆಲ್ಲ ಆ ಹಾಳೆಗಳಲ್ಲಿ ಮಾತಾಡಿದ್ದಾರೆ.

ಪಾಸೋವರ್ ಹಬ್ಬದ ರಾತ್ರಿ ಊಟದ ಮೇಜಿನ ಸುತ್ತ ‘ಹಗ್ಗಾದಾ’ ಓದುವುದು ಯೆಹೂದಿ ಮನೆಗಳ ಅತಿ ಪ್ರಿಯ ಆಚರಣೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನು ಅದರಲ್ಲಿ ಹೇಳುತ್ತಾರೆ, ನಾಲ್ಕು ಬಗೆಯ ಗಂಡುಮಕ್ಕಳಿಗೆ ಅದನ್ನು ವಿವರಿಸುವ ಬಗೆಯೂ ಅದರಲ್ಲಿ ಬರುತ್ತದೆ. ಡೆಟ್ರಾಯಿಟ್‌ನ ಕಾದಂಬರಿಕಾರ್ತಿ ಎಸ್ತರ್ ಬ್ರೋನರ್ 1975ರಲ್ಲಿ ಇಸ್ರೇಲಿನ ಹೈಫಾದಲ್ಲಿ ನಯೋಮಿ ನಿಮ್ರೋದ್ ಜತೆ ಸೇರಿ ಹೆಂಗಸರ ಹಗ್ಗಾದಾ ಬರೆದರು. 1976ರಲ್ಲಿ ನ್ಯೂಯಾರ್ಕ್‌ನಲ್ಲಿ ಅದನ್ನಿಟ್ಟುಕೊಂಡು ಹೆಂಗಸರೇ ಸೇರಿ ಹಬ್ಬದ ಊಟದ ವಿಧಿಯಾದ ಸೇಡರ್ ನಡೆಸಿದರು. ಗ್ಲೋರಿಯಾ ಸ್ಟೈನಮ್, ಲೆಟ್ಟಿ ಕಾಟಿನ್ ಪೊಗ್ರೆಬಿನ್, ಫಿಲಿಸ್ ಚೆಸ್ಲರ್ ಅಂಥವರು ಈ ಕೂಟದಲ್ಲಿದ್ದರು. ವರ್ಷವರ್ಷವೂ ಸೇರಿದರು. ಪ್ರತಿಯೊಬ್ಬಳೂ ತನ್ನನ್ನು ತಾಯಿಯ, ಅಜ್ಜಿಯ ಹೆಸರಿನಿಂದ ಪರಿಚಯಿಸಿಕೊಳ್ಳಬೇಕು. ಆ ವರ್ಷಕ್ಕೆ ಆರಿಸಿಕೊಂಡ ವಿಷಯದ ಮೇಲೆ ತನ್ನ ಮಾತು ತರಬೇಕು. ಹಗ್ಗಾದಾ ಹಾಗೆ ಪ್ರತಿವರ್ಷ ಬೆಳೆಯಿತು. ಬ್ರೋನರ್ ಈ ಕೂಟದ ಕಥೆಯನ್ನೂ ಪಾಠವನ್ನೂ 1993ರಲ್ಲಿ ‘ದ ಟೆಲ್ಲಿಂಗ್’ ಎಂಬ ಪುಸ್ತಕವಾಗಿ ಕೊಟ್ಟರು. ತಂದೆ ತೀರಿಕೊಂಡಾಗ ಅವರಿಗಾಗಿ ಸಂಪ್ರದಾಯಸ್ಥರ ಸಿನಗಾಗ್‌ಗೆ ಬೆಳಗಿನ ಹೊತ್ತು ಹೋಗಿ, ಗಂಡಸರಿಂದ ತೆರೆಯ ಮರೆಯಲ್ಲಿ ನಿಂತು ಕದ್ದೀಶ್ ಹೇಳಿದ ದಿನಚರಿಯನ್ನೂ ಅವರು ಪ್ರಕಟಿಸಿದ್ದಾರೆ.

ಬರೆಯುವುದಕ್ಕೆ ದಿನ ಯಾವುದು ಎಂಬ ಪ್ರಶ್ನೆ ಈ ಕೂಟಗಳಿಗೆ ಸಣ್ಣದಲ್ಲ. ತಾಲ್ಮುಡ್‌ಗೆ ಆಧಾರವಾದ ಮಿಶ್ನಾ ಗ್ರಂಥ ಶಬ್ಬಾತ್ ದಿನ ಮಾಡಬಾರದ 39 ಬಗೆಯ ಕೆಲಸಗಳನ್ನು ಪಟ್ಟಿಮಾಡುತ್ತದೆ. ಎರಡು ಅಕ್ಷರ ಬರೆಯುವುದು ಅದರಲ್ಲೊಂದು, ಎರಡು ಅಕ್ಷರ ಬರೆಯಲೆಂದು ಅಳಿಸುವುದು ಇನ್ನೊಂದು. ವಾರದ ಅತ್ಯಂತ ಪವಿತ್ರ ದಿನದಲ್ಲಿ, ಎಲ್ಲರಿಗೂ ಬಿಡುವಿರುವ ಹೊತ್ತಿನಲ್ಲೇ, ನೇಮ ಪಾಲಿಸುವವರು ಪೆನ್ನು ಮುಟ್ಟುವಂತಿಲ್ಲ. ಅಮಾವಾಸ್ಯೆ ಕಳೆದು ಹೊಸ ತಿಂಗಳು ಹುಟ್ಟುವ ‘ರೋಶ್ ಹೋದೆಶ್’ ಇಲ್ಲಿ ನೆರವಿಗೆ ಬಂತು. ಚಿನ್ನದ ಕರುವಿಗೆ ಒಡವೆ ಕೊಡಲು ಒಪ್ಪದ ಹೆಂಗಸರಿಗೆ ಬಹುಮಾನವಾಗಿ ಬಂದ ಹಬ್ಬ ಇದು ಎಂಬ ಹಳೆಯ ಐತಿಹ್ಯವಿದೆ. ಎಜ್ರತ್ ನಾಶಿಮ್‌ನ ಆರ್ಲೀನ್ ಏಗಸ್ 1976ರಲ್ಲಿ ಬರೆದ ಲೇಖನವೊಂದು ಮರೆತುಹೋಗಿದ್ದ ಈ ದಿನವನ್ನು ಮತ್ತೆ ಹೆಂಗಸರ ಕೈಗಿತ್ತಿತು. ಆ ದಿನ ಬರೆಯಲು ಅಡ್ಡಿಯಿಲ್ಲ. ತಿಂಗಳಿಗೊಮ್ಮೆ ಮನೆಮನೆಗಳಲ್ಲಿ ಸೇರುವ ರೋಶ್ ಹೋದೆಶ್ ಕೂಟಗಳು ಅಮೆರಿಕದಾಚೆಗೂ ಹಬ್ಬಿದವು. 1986ರಲ್ಲಿ ಪೆನಿನಾ ಏಡಲ್ಮನ್ ಅವುಗಳಿಗೆ ಕೈಪಿಡಿಯನ್ನೇ ಬರೆದರು.

ಕೂಟ ನಡೆಯುವ ಬಗೆ ಊರಿಂದೂರಿಗೆ ಬೇರೆ, ಆದರೆ ಎಲುಬುಗೂಡು ಹೆಚ್ಚುಕಡಿಮೆ ಒಂದೇ. ಪದಗಳಿಲ್ಲದ ಒಂದು ರಾಗವನ್ನು ಸೇರಿ ಗುನುಗುತ್ತಾರೆ. ಆ ವಾರದ ತೋರಾ ಭಾಗದಿಂದಲೋ ಕೀರ್ತನೆಗಳಿಂದಲೋ ನಾಲ್ಕು ಸಾಲು ಆರಿಸಿ ಜೋಡಿಜೋಡಿಯಾಗಿ ಓದುತ್ತಾರೆ. ಸರದಿಯಲ್ಲಿರುವವರು ಒಂದು ಪ್ರಶ್ನೆ ಇಡುತ್ತಾರೆ. ಉದಾಹರಣೆಗೆ, ಬೈಬಲ್‌ನ ಹಾಗರಳು ಬಾಯಾರಿದ ಮಗುವನ್ನು ಪೊದೆಯ ಕೆಳಗೆ ಬಿಟ್ಟು ದೂರ ಹೋಗಿ ಕೂತಳಲ್ಲ, ನೀವು ನೋಡಲಾರದೆ ಮುಖ ತಿರುಗಿಸಿದ್ದು ಯಾವುದರಿಂದ? ಹದಿನೈದು ಇಪ್ಪತ್ತು ನಿಮಿಷ ಎಲ್ಲರೂ ಬರೆಯುತ್ತಾರೆ, ಪ್ರಶ್ನೆ ಇಟ್ಟವರೂ ಬರೆಯಲೇಬೇಕು. ಆಮೇಲೆ ಓದು. ಓದಲು ಇಷ್ಟವಿಲ್ಲದವರು ಬೇಡ ಎನ್ನಬಹುದು, ಏಕೆ ಎಂದು ಯಾರೂ ಕೇಳುವುದಿಲ್ಲ. ಕೇಳಿದವರು ಸಲಹೆ ಕೊಡುವಂತಿಲ್ಲ, ಸಮಾಧಾನ ಹೇಳುವಂತಿಲ್ಲ. ಯಾವ ಸಾಲು ತಮ್ಮಲ್ಲಿ ಉಳಿಯಿತು ಎಂದಷ್ಟೇ ಹೇಳಬೇಕು. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. ಹೊಸ ವರ್ಷಕ್ಕೆ ಮೊದಲು ಬರುವ ಎಲುಲ್ ಮಾಸ ಇಂಥ ಬರವಣಿಗೆಗೆ ಹೇಳಿಮಾಡಿಸಿದ್ದು. ವರ್ಷವಿಡೀ ಯಾರನ್ನು ನೋಯಿಸಿದೆ, ಯಾರಲ್ಲಿ ಕ್ಷಮೆ ಕೇಳಬೇಕು ಎಂದು ಲೆಕ್ಕ ನೋಡಿಕೊಳ್ಳುವ ತಿಂಗಳು ಅದು.

ಈ ನಿಯಮಗಳು ಸಭ್ಯತೆಗಾಗಿ ಮಾತ್ರ ಇವೆ ಎಂದು ನಾನು ಒಪ್ಪಲಾರೆ. ಪ್ರಾರ್ಥಿಸುವವನು ಯಾರೋ ಕೇಳುತ್ತಿದ್ದಾರೆ ಎಂಬ ನಂಬಿಕೆಯಲ್ಲಿ ಬಾಯಿ ತೆರೆಯುತ್ತಾನೆ. ಆ ನಂಬಿಕೆ ಅಲುಗಾಡಿದವರು ಈ ಕೂಟಗಳಿಗೆ ದೊಡ್ಡ ಸಂಖ್ಯೆಯಲ್ಲಿ ಬಂದಿದ್ದಾರೆ, ಬರುತ್ತಾರೆ. ಗರ್ಭಪಾತವಾದ ಮೇಲೆ ಸಾಂಪ್ರದಾಯಿಕ ಪ್ರಾರ್ಥನಾ ಪುಸ್ತಕದಲ್ಲಿ ಒಂದು ಸಾಲನ್ನೂ ಕಾಣದವಳು, ತಾಯಿಯ ಮೇಲಿನ ಸಿಟ್ಟು ಆರದೆಯೇ ಕದ್ದೀಶ್ ಹೇಳಬೇಕಾದವನು, ನಾಜಿ ಹತ್ಯಾಕಾಂಡದಲ್ಲಿ ಬಂಧುಗಳನ್ನು ಕಳೆದುಕೊಂಡು ‘ಕರುಣಾಮಯ’ ಎಂಬ ಮಾತಿನ ಎದುರು ನಾಲಗೆ ಕಟ್ಟಿದವರು. ಇವರಿಗೆ ದೇವರು ಕೇಳುತ್ತಾನೆಯೇ ಎಂಬ ಪ್ರಶ್ನೆಗೆ ಕೂಟ ಉತ್ತರ ಕೊಡುವುದಿಲ್ಲ. ಆದರೆ ಎಂಟು ಜೊತೆ ಕಿವಿಗಳು ಅಡ್ಡಮಾತಿಲ್ಲದೆ ಕೇಳುತ್ತವೆ. ಅಷ್ಟು ಸಿಕ್ಕಿದರೆ ಮನುಷ್ಯ ಮತ್ತೆ ಬಾಯಿ ತೆರೆಯಬಲ್ಲ.

ಬರೆದ ಹಾಳೆಗಳ ಗತಿಯೇನು? ಹೀಬ್ರೂವಿನಲ್ಲಿ ದೇವರ ಹೆಸರಿರುವ ಕಾಗದವನ್ನು ಕಸಕ್ಕೆ ಹಾಕುವಂತಿಲ್ಲ. ‘ಗೆನಿಜಾ’ ಎಂಬ ಜಾಗದಲ್ಲಿ ಕೂಡಿಟ್ಟು ಕೊನೆಗೆ ಹೂಳುತ್ತಾರೆ. ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾ ಜಗತ್ಪ್ರಸಿದ್ಧ, ನಮಗಂತೂ ಅದು ಹತ್ತಿರದ್ದು. 1132ರಿಂದ 1149ರವರೆಗೆ ಮಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡು, ಕಂಚಿನ ಸಾಮಾನಿನ ಕಾರ್ಖಾನೆ ಇಟ್ಟುಕೊಂಡಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ದೊರೆತದ್ದು ಅಲ್ಲೇ. ಏಡನ್‌ನ ಗೆಳೆಯರು ಅವನಿಗೆ ಬೇರೆ ಸರಕಿನ ಜತೆ ಬರೆಯುವ ಕಾಗದವನ್ನೂ ಕಳಿಸುತ್ತಿದ್ದರು. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಬೊಮ್ಮನ ಹೆಸರನ್ನು ಅದೇ ಪತ್ರಗಳು ಉಳಿಸಿಕೊಟ್ಟಿವೆ. ಬರೆದ ಕಾಗದವನ್ನು ಎಸೆಯಬಾರದೆಂಬ ಒಂದು ಧಾರ್ಮಿಕ ಸಂಕೋಚ ಇಲ್ಲದಿದ್ದರೆ ನಮ್ಮ ಕರಾವಳಿಯ ಹನ್ನೆರಡನೆಯ ಶತಮಾನದ ಈ ಪುಟಗಳೂ ಇರುತ್ತಿರಲಿಲ್ಲ. ಬರವಣಿಗೆ ಕೂಟಗಳ ಹಾಳೆಗಳು ಬಹುಪಾಲು ಹೀಗೆ ಉಳಿಯುವುದಿಲ್ಲ ಎಂಬುದು ಈ ಚರಿತ್ರೆ ಬರೆಯುವವರ ಕಷ್ಟ. ಗುಟ್ಟು ಕಾಪಾಡುವುದು ನಿಯಮವಾದ ಕಡೆ ದಾಖಲೆ ಹೇಗೆ ಬೆಳೆದೀತು? ಆ ನಿಯಮ ಸರಿಯೇ ಎಂದು ನಾನು ಒಪ್ಪುತ್ತೇನೆ, ನಷ್ಟವೂ ಸಣ್ಣದಲ್ಲ.

ಉಳಿದದ್ದರಲ್ಲಿ ‘ಬ್ನೋತ್ ಏಶ್’ ಕೂಟದ ಫಲ ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬೀಳುತ್ತದೆ. 1981ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನ್‌ವಾಲ್-ಆನ್-ಹಡ್ಸನ್‌ನಲ್ಲಿ ಮೊದಲು ಸೇರಿದ ಈ ಹೆಂಗಸರು ಅಲ್ಲಿಂದ ವರ್ಷಕ್ಕೊಮ್ಮೆ ಮೇ ಕೊನೆಯ ರಜೆಯಲ್ಲಿ ಸೇರುತ್ತ ಬಂದರು. ಮುಖ್ಯಸ್ಥೆ ಇಲ್ಲ, ಉಪನ್ಯಾಸಕಿ ಇಲ್ಲ. ಕಾರ್ಯಕ್ರಮ ಸದಸ್ಯರೇ ಹಂಚಿಕೊಂಡು ಮಾಡುವುದು. ಪ್ಲಾಸ್ಕೊ ಅವರ 1990ರ ‘ಸ್ಟ್ಯಾಂಡಿಂಗ್ ಅಗೇನ್ ಅಟ್ ಸೈನಾಯ್’, ಕವಿ ಮಾರ್ಶಿಯಾ ಫಾಲ್ಕ್ ಅವರ 1996ರ ‘ದ ಬುಕ್ ಆಫ್ ಬ್ಲೆಸಿಂಗ್ಸ್’ ಎರಡಕ್ಕೂ ಈ ಗೆಳೆತನದ ಆಸರೆಯಿದೆ. ದೇವರನ್ನು ರಾಜನೆಂದು ಕರೆಯುವ ಶತಮಾನಗಳ ಸೂತ್ರವನ್ನೇ ಬಿಟ್ಟು, ಜೀವದ ಸೆಲೆ ಎಂದು ಫಾಲ್ಕ್ ಹೀಬ್ರೂವಿನಲ್ಲೇ ಹೊಸ ಪ್ರಾರ್ಥನೆಗಳನ್ನು ಕಟ್ಟಿದರು. ಅದು ಧರ್ಮಶಾಸ್ತ್ರಕ್ಕೆ ಒಪ್ಪುವ ಮಾತಲ್ಲ ಎಂದು ವಿರೋಧಿಸಿದವರು ಸಂಪ್ರದಾಯಸ್ಥರಲ್ಲಿ ಮಾತ್ರವಲ್ಲ, ಉದಾರ ಪಂಥಗಳಲ್ಲೂ ಇದ್ದರು. ಆ ವಿರೋಧವನ್ನು ಹಗುರವಾಗಿ ಕಾಣಬಾರದು. ತಲೆಮಾರುಗಳು ಒಂದೇ ಮಾತನ್ನು ಹೇಳುತ್ತ ಬಂದದ್ದರಲ್ಲಿ ಒಂದು ಬಲವಿದೆ. ಎಲ್ಲರೂ ತಮ್ಮ ತಮ್ಮ ಪ್ರಾರ್ಥನೆ ಬರೆದುಕೊಂಡರೆ ಊರು ದಾಟಿದವನು ಯಾವ ಸಿನಗಾಗ್‌ನಲ್ಲೂ ಜತೆಗೂಡಿ ಹಾಡಲಾರ. ಈ ಕೂಟಗಳ ಒಳ್ಳೆಯ ಬರಹಗಾರರೆಲ್ಲ ಹಳೆಯ ಪಾಠವನ್ನು ಪಕ್ಕದಲ್ಲಿಟ್ಟುಕೊಂಡೇ ಬರೆದದ್ದು ಅದಕ್ಕೇ ಇರಬೇಕು. ಹಾಗೆ ಬರೆಯದೆ ಬರೀ ಅಂತರಂಗ ತೋಡಿಕೊಂಡವು ಬೇಗ ಬಾಡಿದವು.

ಗಟ್ಟಿಯಾಗಿ ನಿಂತ ಬರಹಗಳು ಪಂಥಗಳ ಅಧಿಕೃತ ಪುಸ್ತಕಗಳ ಒಳಗೇ ಹೋದವು. ಡೆಬಿ ಫ್ರೀಡ್ಮನ್ ಮತ್ತು ಡ್ರೋರಾ ಸೆಟಲ್ 1980ರ ದಶಕದ ಕೊನೆಯಲ್ಲಿ ಕಟ್ಟಿದ, ರೋಗಿಗಳ ಗುಣಕ್ಕಾಗಿ ಹಾಡುವ ಗೀತೆ ಇವತ್ತು ಅಮೆರಿಕದ ಅಸಂಖ್ಯ ಸಿನಗಾಗ್‌ಗಳ ವಾಡಿಕೆ. ರಿಫಾರ್ಮ್ ಪಂಥದ 2007ರ ಪ್ರಾರ್ಥನಾ ಪುಸ್ತಕ ‘ಮಿಶ್ಕಾನ್ ತೆಫಿಲಾ’ದಲ್ಲಿ ಒಂದು ಪುಟದಲ್ಲಿ ಸಾಂಪ್ರದಾಯಿಕ ಪ್ರಾರ್ಥನೆ, ಎದುರು ಪುಟದಲ್ಲಿ ಕವಿತೆ ಅಥವಾ ಚಿಂತನೆ. 2008ರಲ್ಲಿ ಬಂದ ‘ದ ತೋರಾ: ಎ ವಿಮೆನ್ಸ್ ಕಾಮೆಂಟರಿ’ ಸಂಪುಟಕ್ಕೆ ಮೂಲ ಪ್ರೇರಣೆ, 1990ರ ದಶಕದ ಆರಂಭದಲ್ಲಿ ಸಾರಾ ಸೇಗರ್ ಎಂಬ ಗಾಯಕಿ ಆ ಪಂಥದ ಹೆಂಗಸರ ಸಂಘಟನೆಯ ಮುಂದೆ ಆಡಿದ ಮಾತು. ಊರೂರಿನ ಸದಸ್ಯೆಯರು ಹಣ ಕೂಡಿಸಿದರು. ತಮಾರಾ ಕೋನ್ ಎಸ್ಕೆನಾಜಿ, ಆಂಡ್ರಿಯಾ ವೈಸ್ ಸಂಪಾದಿಸಿದರು. ಪ್ರತಿ ವಾರದ ತೋರಾ ಭಾಗಕ್ಕೂ ಪಾಂಡಿತ್ಯದ ವ್ಯಾಖ್ಯಾನವಿದೆ, ಕೊನೆಗೆ ‘ದನಿಗಳು’ ಎಂಬ ಭಾಗದಲ್ಲಿ ಹೆಂಗಸರ ಕವಿತೆಗಳಿವೆ. ವ್ಯಾಖ್ಯಾನವೂ ಕವಿತೆಯೂ ಒಂದೇ ತೋರಾ ಪಾಠಕ್ಕೆ ಉತ್ತರಗಳಾಗಿ ಒಂದೇ ಪುಸ್ತಕದಲ್ಲಿ ಕೂತದ್ದು ಇಲ್ಲಿ ಗಮನಿಸಬೇಕಾದದ್ದು.

ಬ್ನೋತ್ ಏಶ್ ಗೆಳತಿಯರಲ್ಲಿ ಒಬ್ಬರಾದ ಮರ್ಲ್ ಫೆಲ್ಡ್ ಅವರ ಕವಿತೆಯೊಂದು ಈ ಪುಸ್ತಕಗಳ ಓದುಗರಿಗೆ ಚೆನ್ನಾಗಿ ಪರಿಚಿತ. ಸೈನಾಯ್ ಬೆಟ್ಟದ ಬಳಿ ನಿಂತಿದ್ದ ಅಣ್ಣ ಕಂಡದ್ದನ್ನೆಲ್ಲ ಬರೆದಿಟ್ಟ, ಕಂಕುಳಲ್ಲಿ ಕೂಸಿದ್ದ ತಂಗಿಗೆ ಬರೆಯಲು ಪುರುಸೊತ್ತಾಗಲಿಲ್ಲ ಎಂಬುದು ಅದರ ವಸ್ತು. ನಾಟಕಕಾರ್ತಿಯೂ ಆದ ಅವರು 2005ರಿಂದ ಹಮ್ಮಿಕೊಂಡ ಕೆಲಸ ಈ ಚರಿತ್ರೆಗೆ ಒಂದು ಹೊಸ ತಿರುವು ಕೊಟ್ಟಿದೆ. ರಬ್ಬಿಗಳಿಗಾಗಿಯೇ, ರಬ್ಬಿಯಾಗಲು ಓದುತ್ತಿರುವವರಿಗಾಗಿಯೇ, ಪಂಥಭೇದವಿಲ್ಲದೆ ಬರವಣಿಗೆ ಕೂಟಗಳನ್ನು ನಡೆಸುವ ಸಂಸ್ಥೆಯೊಂದನ್ನು ಅವರು ಕಟ್ಟಿದರು. ವಾರವಾರವೂ ನೂರಾರು ಜನರೆದುರು ಪ್ರವಚನ ಬರೆದು ಓದುವವರಿಗೆ ಇದರ ಅಗತ್ಯವೇನು ಎನಿಸಬಹುದು. ಪ್ರವಚನ ಬರೆಯುವಾಗ ರಬ್ಬಿಗೆ ಉತ್ತರ ಗೊತ್ತಿರಬೇಕೆಂದು ಜನ ಬಯಸುತ್ತಾರೆ. ಆಸ್ಪತ್ರೆ, ಸ್ಮಶಾನ, ಮದುವೆ ಚಪ್ಪರ ಎಂದು ದಿನವಿಡೀ ಪರರ ದುಃಖ ಸಂತೋಷಗಳಿಗೆ ಮಾತು ಹುಡುಕಿ ಕೊಟ್ಟ ಮೇಲೆ ತಮ್ಮ ಸಂದೇಹಕ್ಕೆ, ತಮ್ಮ ದಣಿವಿಗೆ ಅವರಲ್ಲಿ ಮಾತು ಉಳಿದಿರುವುದಿಲ್ಲ; ಉಳಿದಿದ್ದರೂ ಅದನ್ನು ಸಭೆಯ ಮುಂದೆ ಹೇಳುವಂತಿಲ್ಲ. ಪೀಠವನ್ನು ಬಿಟ್ಟು ಹೊರಬಂದ ಸಾಮಾನ್ಯರು ರೂಪಿಸಿಕೊಂಡ ಕ್ರಮವನ್ನು ಈಗ ಪೀಠದಲ್ಲಿರುವವರೇ ಕಲಿಯುತ್ತಿದ್ದಾರೆ: ತಿದ್ದದ ಹಾಳೆಯನ್ನು ಸಮಾನರ ಮುಂದೆ ಓದುವುದು, ಓದಿದ ಮೇಲೆ ಸುಮ್ಮನಿರುವುದು, ಮತ್ತೊಬ್ಬರ ಸರದಿ ಬಂದಾಗ ಸಲಹೆ ಕೊಡದೆ ಕೇಳುವುದು.